ಕಾಲಡಿಯ ಕಾಶಿ

ಈಗ ಹೇಳಲಿರುವ ಸಂಗತಿಯಲ್ಲಿ ನಡೆದದ್ದೆಷ್ಟು, ಹೇಳಿ ಹೇಳಿ ನಾನೇ ನಡೆಸಿದ್ದೆಷ್ಟು ಎಂಬುದು ನನಗೆ ಖಾತ್ರಿಯಿಲ್ಲ. ಕಾರಿನ ಬಣ್ಣ ಕಪ್ಪು ಎಂದು ಒಂದು ಸಲ ಹೇಳಿದ್ದೇನೆ, ಹಸಿರು ಎಂದು ಇನ್ನೊಂದು ಸಲ. ಮರಳುದಂಡೆಯ ಮೇಲೆ ನಾವು ತಿಂದದ್ದು ಕಲ್ಲಂಗಡಿ ಎಂದು ನನ್ನ ನಾಲಗೆ ಹೇಳುತ್ತದೆ, ಆ ತಿಂಗಳಲ್ಲಿ ಕಲ್ಲಂಗಡಿ ಇನ್ನೂ ಹಣ್ಣಾಗಿರುವುದಿಲ್ಲ ಎಂದು ತಲೆ ಹೇಳುತ್ತದೆ. ಇಸವಿ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು. ವಿಶ್ವವಿದ್ಯಾಲಯದಲ್ಲಿ ಏಳು ವರ್ಷ ಕಳೆದವನಿಗೆ ಇದು ನಾಚಿಕೆಯ ವಿಷಯ. ಯಾರು ಏನು ಹೇಳಿದರೂ ಪುರಾವೆ ಕೇಳು ಎಂಬುದೇ ಅಲ್ಲಿ ನಾನು ಕಲಿತ ಮೊದಲ ಪಾಠ. ಪುರಾವೆ ಕೇಳಿ ಕೇಳಿ ಬಂಧುಬಳಗವನ್ನೆಲ್ಲ ದೂರ ಮಾಡಿಕೊಂಡೆ. ಕೊನೆಗೆ ಕೇಳಲು ಉಳಿದವನು ನಾನೊಬ್ಬನೇ ಆದ್ದರಿಂದ ಈಗ ನನ್ನನ್ನೇ ಕೇಳುತ್ತಿದ್ದೇನೆ.

ಇದೆಲ್ಲ ಮತ್ತೆ ಶುರುವಾದದ್ದು ಕೊತ್ತಂಬರಿಯಿಂದ. ಸೀಮೆಎಣ್ಣೆಯ ಚೌಕ ಡಬ್ಬಿಯೊಂದನ್ನು ಉದ್ದಕ್ಕೆ ಸೀಳಿ, ಅಂಚು ಮಡಚಿ, ಮಣ್ಣು ತುಂಬಿ ನನ್ನ ಹೆಂಡತಿ ನಮ್ಮ ತಾರಸಿಯಲ್ಲಿ ಕೊತ್ತಂಬರಿ ಬೆಳೆಸಿದ್ದಾಳೆ. ಕಳೆದ ಭಾನುವಾರ ಅವಳು ಬಟ್ಟೆ ಹರವಲು ಮೇಲೆ ಬಂದಾಗ ನಾನು ಆ ಡಬ್ಬಿಯೊಳಗೆ ಎರಡೂ ಕಾಲಿಟ್ಟು, ಕಣ್ಣು ಮುಚ್ಚಿ, ಯಾರದೋ ಭುಜ ಹಿಡಿದವನಂತೆ ಕೈ ಚಾಚಿ ನಿಂತಿದ್ದೆನಂತೆ. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದನ್ನು ಏನಾದರೂ ಬಿಟ್ಟು ಬರಬೇಕು ಎನ್ನುತ್ತಾರಲ್ಲ, "ಜನ ಬದನೆಕಾಯಿ ಬಿಡ್ತಾರೆ, ನೀವು ಬುದ್ಧಿ ಬಿಟ್ಟು ಬಂದ್ರಿ" ಎಂದಳು. ಕೊತ್ತಂಬರಿ ಸತ್ತಿತು. ನೆನಪು ಮಾತ್ರ ಎದ್ದು ಕೂತಿತು.

ಆ ದಿನಗಳಲ್ಲಿ ನಾನು ಕಾಶಿಯಲ್ಲಿ ಭೂವಿಜ್ಞಾನದ ಸಂಶೋಧಕ. ಪ್ರಬಂಧದ ವಿಷಯ ಕಡಲತೀರದ ಮರಳಿನ ನಿಕ್ಷೇಪಗಳು. ಅದರ ಮೇಲೆ ನೂರು ಪುಟ ಬರೆದಿದ್ದೆ. ಕಡಲನ್ನು ನೋಡಿರಲಿಲ್ಲ. ಚಿತ್ರದುರ್ಗದ ಬಂಡೆಗಳ ನಡುವೆ ಹುಟ್ಟಿ, ರೈಲು ಹತ್ತಿ, ಒಣನೆಲದ ಮೇಲೆಯೇ ಇಷ್ಟು ದೂರ ಬಂದವನು. ಮರಳು ನನಗೆ ಗಾಜಿನ ಸೀಸೆಗಳಲ್ಲಿ ಚೀಟಿ ಅಂಟಿಸಿಕೊಂಡು ಬರುತ್ತಿತ್ತು. ಅಲೆ ಹೇಗೆ ಮರಳನ್ನು ಎಳೆಯುತ್ತದೆ ಎಂಬುದಕ್ಕೆ ಒಂದು ಸಮೀಕರಣವನ್ನೂ ಹೊಂದಿಸಿದ್ದೆ. ಅದನ್ನು ಓದಿದವರು ನಾನು ಹುಟ್ಟಿದ್ದೇ ದೋಣಿಯಲ್ಲಿ ಎಂದುಕೊಳ್ಳಬೇಕು, ಹಾಗಿತ್ತು ಅದರ ಠೀವಿ.

ನನ್ನ ವಾಸ ಜಂಗಮವಾಡಿಯ ಒಂದು ಓಣಿಯಲ್ಲಿ. ಎರಡು ಸೈಕಲ್ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದಂಥ ಓಣಿ. ಮೂರಂತಸ್ತಿನ ಹಳೆಯ ಮನೆಯಲ್ಲಿ ಮೇಲಿನ ಕೋಣೆ ನನ್ನದು, ಕೆಳಗಿನದು ಶೇಷಕ್ಕನದು. ಶೇಷಕ್ಕ ಕುಂದಾಪುರದ ಕಡೆಯವಳು, ಮರವಂತೆಯ ಹತ್ತಿರದ ಹಳ್ಳಿ. ಗಂಡ ಹೋದ ಮೇಲೆ ಕಾಶಿಯಲ್ಲಿಯೇ ಕಣ್ಣು ಮುಚ್ಚಬೇಕೆಂದು ಬಂದು ಹನ್ನೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಸಾಯುವ ಸೂಚನೆಯನ್ನೇನೂ ತೋರಿಸಿರಲಿಲ್ಲ. ಬೆಳಗಿನ ಜಾವಕ್ಕೆ ಗಂಗಾಸ್ನಾನ, ಆಮೇಲೆ ಗೋದೌಲಿಯಾದ ತರಕಾರಿಯವರೊಂದಿಗೆ ಜಗಳ, ಮಧ್ಯಾಹ್ನ ನನ್ನ ಮೇಲೆ ಕಣ್ಣು. ಅವಳ ಹಿಂದಿಯಲ್ಲಿ ನಾಮಪದಗಳು ಕನ್ನಡದವು, ಕ್ರಿಯಾಪದಗಳು ಹಿಂದಿಯವು, ಬೈಗುಳ ಶುದ್ಧ ಕುಂದಾಪುರದ್ದು. ನನ್ನನ್ನು ಕರೆಯುತ್ತಿದ್ದದ್ದು ಮಾಣಿ ಎಂದು, ಅವರ ಕಡೆ ಹುಡುಗ ಎಂಬ ಅರ್ಥದಲ್ಲಿ. ಇಪ್ಪತ್ತಾರು ವರ್ಷದ, ಮೀಸೆಯಿರುವ, ನೂರು ಪುಟ ಬರೆದಿರುವ ಮಾಣಿ.

ಅವಳದು ಬರಿಯ ಕಾಶೀವಾಸವಲ್ಲ, ಕ್ಷೇತ್ರಸಂನ್ಯಾಸ. ಹಾಗೆಂದರೆ ಕಾಶಿಯ ಎಲ್ಲೆಯನ್ನು ಇನ್ನು ದಾಟುವುದಿಲ್ಲ ಎಂದು ವಿಶ್ವನಾಥನ ಎದುರು ನೀರು ಬಿಟ್ಟು ಸಂಕಲ್ಪ ಮಾಡಿದವಳು. ಎಲ್ಲೆಯ ಒಳಗೆ ಸತ್ತರೆ ಮೋಕ್ಷ. ಗಂಗೆಯ ಆಚೆ ದಂಡೆ, ರಾಮನಗರದ ಕಡೆ ಸತ್ತರೆ ಮಾತ್ರ ಮುಂದಿನ ಜನ್ಮ ಕತ್ತೆಯದು. ಇದನ್ನು ಕಾಶಿಯಲ್ಲಿ ಹಾಲು ಮಾರುವವನೂ ಹೇಳುತ್ತಾನೆ, ಸಂಸ್ಕೃತ ಪಂಡಿತನೂ ಹೇಳುತ್ತಾನೆ, ಇಬ್ಬರೂ ನಗದೆ ಹೇಳುತ್ತಾರೆ. ನನಗೆ ಕತ್ತೆಯ ವಿಷಯದಲ್ಲಿ ವಿಶೇಷ ಭಯವಿರಲಿಲ್ಲ. ನಮ್ಮ ಊರಿನ ಲೆಕ್ಕದ ಮೇಷ್ಟ್ರು ನನ್ನನ್ನು ಮುಂದಿನ ಜನ್ಮದವರೆಗೆ ಕಾಯಿಸದೆ ಮೂರನೆಯ ತರಗತಿಯಲ್ಲಿಯೇ ಕತ್ತೆ ಮಾಡಿದ್ದರು. ಬಾಯಿಪಾಠ ತಪ್ಪಿದಾಗಲೆಲ್ಲ ಕಿಟಕಿಯ ಹೊರಗೆ, ಅಗಸರ ಕತ್ತೆಗಳು ಮೇಯುವ ಬಯಲನ್ನು ತೋರಿಸಿ, ಹೋಗು, ನಿಮ್ಮವರು ಕಾಯುತ್ತಿದ್ದಾರೆ ಎನ್ನುತ್ತಿದ್ದರು. ಅವು ಕಾಯುತ್ತಿದ್ದ ಹಾಗೆಯೇ ಕಾಣುತ್ತಿತ್ತು.

ಶೇಷಕ್ಕನ ಒಬ್ಬಳೇ ಗೆಳತಿ ರುಕ್ಕು ಇದ್ದದ್ದು ಆ ರಾಮನಗರದಲ್ಲಿ. ಇಬ್ಬರೂ ಒಂದೇ ಹಳ್ಳಿಯವರು, ಒಂದೇ ರೈಲಿನಲ್ಲಿ ಕಾಶಿಗೆ ಬಂದವರು. ರುಕ್ಕುವಿನ ಅಣ್ಣನ ಮಗ ರಾಮನಗರದ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಅವನು ತನ್ನ ಮನೆಯಲ್ಲಿರಬೇಕೆಂದು ಹಟ ಹಿಡಿದ. ಸಾಯುವ ಕಾಲಕ್ಕೆ ದೋಣಿ ಹತ್ತಿ ಈಚೆಗೆ ಬಂದರಾಯಿತು ಎಂಬ ಧೈರ್ಯದ ಮೇಲೆ ರುಕ್ಕು ಒಪ್ಪಿಕೊಂಡಳು. ಅಮಾವಾಸ್ಯೆ ಹುಣ್ಣಿಮೆಗೆ ಸ್ನಾನಕ್ಕೆ ಬರುತ್ತಿದ್ದಳು. ಇಬ್ಬರೂ ಘಟ್ಟದ ಮೆಟ್ಟಿಲ ಮೇಲೆ ಕೂತು ಇಡೀ ಊರನ್ನು ನೆನಪು ಮಾಡಿಕೊಂಡು ನಗುತ್ತಿದ್ದರು. ಆ ವರ್ಷ ಹೋಳಿಯ ಹಿಂದುಮುಂದಿನಲ್ಲಿ ರುಕ್ಕು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆಯಿಂದ ಸಾಗಿಸಬಾರದೆಂದು ವೈದ್ಯರ ಅಪ್ಪಣೆ. ಜೀವ ದಿನದಿನಕ್ಕೆ ಇಳಿಯುತ್ತಿತ್ತು. ಅವಳಿಂದ ಬಂದ ಸುದ್ದಿ ಒಂದೇ ಸಾಲು: "ಶೇಷಿ, ನಂಗೆ ಕತ್ತೆ ಆಪುಕ್ ಮನ್ಸಿಲ್ಲೆ."

ನಾನು ನಕ್ಕೆ. ಶೇಷಕ್ಕ ನಗಲಿಲ್ಲ. ಮೂರು ದಿನ ಅವಳು ತರಕಾರಿಯವರೊಂದಿಗೂ ಜಗಳವಾಡಲಿಲ್ಲ. ಓಣಿಗೆಲ್ಲ ಗಾಬರಿಯಾಯಿತು. ನಾಲ್ಕನೆಯ ದಿನ ನನ್ನನ್ನು ಕರೆದು ತನ್ನ ಯೋಜನೆ ಹೇಳಿದಳು. ಕಾಶಿಯನ್ನು ಬಿಡಬಾರದು, ರುಕ್ಕುವನ್ನು ನೋಡಬೇಕು. ಹಾಗಾದರೆ ಕಾಶಿಯನ್ನು ತೆಗೆದುಕೊಂಡೇ ಹೋದರಾಯಿತು. ಸೀಳಿದ ಡಬ್ಬಿಯೊಂದರಲ್ಲಿ ಕಾಶಿಯ ಮಣ್ಣು ತುಂಬುವುದು, ಅದರಲ್ಲಿ ಕಾಲಿಟ್ಟುಕೊಂಡು ಕಾರಿನಲ್ಲಿ ಕೂರುವುದು. ಕಾಲು ಕಾಶಿಯ ಮೇಲಿರುವಷ್ಟು ಹೊತ್ತು ಅವಳು ಕಾಶಿಯಲ್ಲಿಯೇ ಇದ್ದ ಹಾಗೆ.

ನಾನು ವಿಶ್ವವಿದ್ಯಾಲಯದ ಗಾಂಭೀರ್ಯದಿಂದ ಆಕ್ಷೇಪ ಎತ್ತಿದೆ. ಕ್ಷೇತ್ರವೆಂದರೆ ಒಂದು ಸ್ಥಾನ, ಅದು ಪದಾರ್ಥವಲ್ಲ. ಪದಾರ್ಥವನ್ನು ಸಾಗಿಸಬಹುದು, ಸ್ಥಾನವನ್ನು ಸಾಗಿಸಲಾಗದು ಎಂದೆ. ಶೇಷಕ್ಕ ನನ್ನ ಕೋಣೆಯ ಕಪಾಟಿನ ಕಡೆ ಬೆರಳು ತೋರಿಸಿದಳು. "ಆ ಸೀಸೆ ಒಳ್ಗಿಪ್ಪುದ್ ಎಂತದಾ? ಕಡ್ಲ್ ಕಾಣದ್ದೆ ಕಡ್ಲ್ ಬಗ್ಗೆ ಬರಿತ್ಯಲ್ಲ, ಆ ಹೊಯ್ಗೆ ಕಂಡೇ ಅಲ್ದಾ?"

ಹೊಯ್ಗೆಯೆಂದರೆ ಅವರ ಕಡೆಯ ಮಾತಿನಲ್ಲಿ ಮರಳು. ನನ್ನ ವಾದ ಅಲ್ಲಿಗೆ ಮುಗಿಯಿತು.

ಕಾರು ಲಚ್ಛೂವಿನದು. ಲಚ್ಛೂ ರಾಮನಗರದಲ್ಲಿ ಹುಟ್ಟಿ ಗೋದೌಲಿಯಾದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಮನುಷ್ಯ. ಬಾಯಲ್ಲಿ ಸದಾ ಪಾನ್ ಇರುತ್ತಿದ್ದುದರಿಂದ ಮುಖ ಮೇಲಕ್ಕೆತ್ತಿ ಮಾತಾಡುತ್ತಿದ್ದ, ನೋಡುವವರಿಗೆ ಆಕಾಶದೊಂದಿಗೆ ಸಂಭಾಷಣೆ ನಡೆದಂತೆ ಕಾಣುತ್ತಿತ್ತು. ಮಣ್ಣನ್ನೂ ಅವನೇ ತರಲಿ ಎಂದು ಶೇಷಕ್ಕ ತೀರ್ಮಾನಿಸಿದಳು. ಗಂಗಾತೀರದಲ್ಲಿ ಸಾಮಾನು ಸಾಗಿಸುವ ದೋಣಿಯವರು ಅವನ ಸೋದರಸಂಬಂಧಿಗಳು. ಆ ಮಾತುಕತೆಗೆ ನಾನು ಸಾಕ್ಷಿ. ತಡೆಯಬಹುದಿತ್ತು, ಆದರೆ ಕೇಳಲು ಅಷ್ಟು ಸುಖವಾಗಿತ್ತು.

"ಲಚ್ಛೂ, ಕಾಶಿ ಕಾ ಮಣ್ಣ್ ಚಾಹಿಯೇ" ಎಂದಳು ಶೇಷಕ್ಕ.

"ಏಕ್ ಮನ್?"

"ಹಾಂ, ಮಣ್ಣ್."

"ಕಾಹೇ ಖಾತಿರ್, ಮಾಈ?" ಯಾತಕ್ಕೆ ಎಂದು ಕೇಳಿದ.

"ಪಾಂವ್ ಕೆ ನೀಚೆ."

ಹಿಂದಿಯಲ್ಲಿ ಮನ್ ಎಂದರೆ ನಮ್ಮ ಮಣ, ನಲವತ್ತು ಸೇರಿನ ತೂಕ. ಶೇಷಕ್ಕನ ಕೋಣೆಯ ನೆಲ ಕಿತ್ತುಹೋಗಿದ್ದು ಲಚ್ಛೂವಿಗೆ ಗೊತ್ತಿತ್ತು. ಕಾಲ ಕೆಳಗೆ ಒಂದು ಮಣ ಏನು ಬೇಕು ಎಂದು ಅವನು ಹೆಚ್ಚು ಯೋಚಿಸಬೇಕಾಗಲಿಲ್ಲ. ಮರುದಿನ ಸಂಜೆ ಗೋಣಿಚೀಲವೊಂದನ್ನು ಹೊತ್ತು ತಂದು ನಮ್ಮ ಬಾಗಿಲಲ್ಲಿ ದೊಪ್ಪನೆ ಹಾಕಿ, ಮುಖ ಮೇಲೆತ್ತಿ, "ಲೇ ಲಾ ಮಾಈ, ಏಕ್ ಮನ್ ಬಾಲೂ, ಏಕ್‌ದಮ್ ಅಸಲೀ" ಎಂದ.

ಬಾಲೂ ಎಂದರೆ ಮರಳು. ಶೇಷಕ್ಕನ ಕಿವಿಗೆ ಅದು ಬಿದ್ದದ್ದು ಕನ್ನಡದಲ್ಲಿ. ಅವಳ ಮುಖ ಅರಳಿತು. "ಕೇಂಡ್ಯಾ ಮಾಣಿ, ಮಣ್ಣ್ ತಂದ್ಕೊಟ್ಟದ್ದಲ್ದೆ ಬಾಳು ಅಂದ. ಈ ವಯಸ್ಸಲ್ಲಿ ನಂಗೆ ಬಾಳು ಅಂದವ್ರ್ ಯಾರಿತ್ರ್?" ಎಂದು ಅವನ ತಲೆಯ ಮೇಲೆ ಕೈಯಿಟ್ಟಳು. ಲಚ್ಛೂ ಏನೂ ಅರ್ಥವಾಗದೆ ಕಾಲಿಗೆ ಬಿದ್ದ. ಆಮೇಲೆ ಅವಳು ಚೀಲದೊಳಗೆ ಕೈ ಹಾಕಿ ನೋಡಿದಳು. "ಇದ್ ಹೊಯ್ಗೆ. ಅಡ್ಡಿಲ್ಲೆ, ಹೊಯ್ಗೆ ಆರೂ ಕಾಶಿದೇ ಅಲ್ದಾ?" ಎಂದು ನನ್ನನ್ನು ಕೇಳಿದಳು.

ಇಲ್ಲಿ ಸ್ವಲ್ಪ ಭೂವಿಜ್ಞಾನ ಹೇಳಬೇಕು, ಸಹಿಸಿಕೊಳ್ಳಿ. ಕಾಶಿ ನಿಂತಿರುವುದು ಗಟ್ಟಿ ಜೇಡಿಮಣ್ಣಿನ ದಿಣ್ಣೆಯ ಮೇಲೆ. ಆ ಮಣ್ಣಿನೊಳಗೆ ಗೋಲಿಯಷ್ಟು, ನೆಲ್ಲಿಕಾಯಿಯಷ್ಟು ದಪ್ಪದ ಸುಣ್ಣದ ಗಂಟುಗಳಿವೆ. ಅವೇ ಅದನ್ನು ಹಿಡಿದಿಟ್ಟಿರುವುದು, ಆದ್ದರಿಂದಲೇ ಗಂಗೆ ಇಷ್ಟು ಕಾಲದಿಂದ ಹೊಡೆದರೂ ಊರು ಜಾರಿಲ್ಲ. ನಿಂಬೆರಸ ಹಿಂಡಿದರೆ ಆ ಗಂಟು ನೊರೆ ಬಿಡುತ್ತದೆ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ನಾವು ಮಾಡಿ ತೋರಿಸುತ್ತಿದ್ದ ಚಮತ್ಕಾರ ಅದು. ಮರಳು ಬೀಳುವುದು ಆಚೆ ದಂಡೆಯಲ್ಲಿ ಮಾತ್ರ, ಅದರಲ್ಲಿ ಆ ಗಂಟುಗಳಿಲ್ಲ. ಬನಾರಸಿನಲ್ಲಿ ಯಾರ ಮನೆಗೆ ಮರಳು ಬಂದರೂ ಅದು ರಾಮನಗರದ ಕಡೆಯ ಮರಳೇ. ಎಂದರೆ ಶೇಷಕ್ಕ ಕತ್ತೆಯ ಸೀಮೆಯಿಂದ ಪಾರಾಗಲು ತುಂಬಿಸಿಕೊಳ್ಳುತ್ತಿದ್ದದ್ದು ಶುದ್ಧ ಕತ್ತೆಯ ಸೀಮೆಯನ್ನೇ.

ಇದನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೌದು, ಕಾಶಿಯದೇ" ಎಂದೆ.

ಮುಂದಿನ ಬೆಳಗಿನ ವಿಷಯದಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಬೆಳಕು ಹರಿಯುವ ಮುನ್ನವೇ ಎದ್ದು, ಅವಳು ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು, ಸಿದ್ಧವಾಗಿಟ್ಟಿದ್ದ ಡಬ್ಬಿಯ ಮರಳನ್ನು ಚೀಲಕ್ಕೆ ಸುರಿದು, ಖಾಲಿ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿ ಅಸ್ಸಿ ಘಾಟಿಗೆ ಹೋಗಿದ್ದೇನೆ. ಅಸ್ಸಿಯಲ್ಲಿ ಆಗ ಕಲ್ಲಿನ ಮೆಟ್ಟಿಲಿರಲಿಲ್ಲ, ಬರೀ ಮಣ್ಣಿನ ದಂಡೆ. ಭೂವಿಜ್ಞಾನದ ಸುತ್ತಿಗೆಯಿಂದ ದಿಣ್ಣೆಯನ್ನು ಕೆತ್ತಿ ಡಬ್ಬಿ ತುಂಬಿಸಿದೆ. ಚಹಾದ ಅಂಗಡಿಯವನು, ಏನು ಗುರು, ಚಿನ್ನ ಸಿಕ್ಕಿತೇ ಎಂದು ಕೇಳಿದ. ವಾಪಸು ಬಂದಾಗ ಶೇಷಕ್ಕ ಡಬ್ಬಿಯನ್ನು ನೋಡಿ, ರಾತ್ರಿ ಬೆಳ್ಳಗಿದ್ದದ್ದು ಬೆಳಗಾಗುವಷ್ಟರಲ್ಲಿ ಕಪ್ಪಾದದ್ದು ಹೇಗೆಂದು ಕೇಳಿದಳು. ಇಬ್ಬನಿ ಬಿತ್ತು ಎಂದೆ. ಅದು ಚೈತ್ರಮಾಸ, ಕಾಶಿಯಲ್ಲಿ ಆಗ ಕಲ್ಲು ಕೂಡ ಬೆವರುತ್ತದೆ. ಅವಳು ನನ್ನ ಉಗುರುಗಳನ್ನು ನೋಡಿದಳು.

ಇನ್ನೊಂದು ನೆನಪಿನಲ್ಲಿ ನಾನು ಇದನ್ನೆಲ್ಲ ಮಾಡಬೇಕೆಂದುಕೊಂಡು ಮಲಗಿ, ಲಚ್ಛೂವಿನ ಹಾರ್ನಿನ ಸದ್ದಿಗೆ ಎಚ್ಚರಗೊಂಡು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೆಟ್ಟಿಲಿಳಿದು ಓಡಿದ್ದೇನೆ. ಎರಡೂ ಅಷ್ಟೇ ಸ್ಪಷ್ಟ. ಎರಡೂ ನಿಜವಾಗಲಾರವು. ನನ್ನ ಸೋಮಾರಿತನವನ್ನು ಬಲ್ಲವನಾಗಿ ಎರಡನೆಯದರ ಕಡೆಗೇ ಮೊದಲು ನನ್ನ ಒಲವಿತ್ತು.

ಕಾರು ಓಣಿಯೊಳಗೆ ಬರದು. ಗೋದೌಲಿಯಾದವರೆಗೆ ಶೇಷಕ್ಕ ನಡೆದಳು, ಡಬ್ಬಿಯನ್ನು ನಾನು ಹೊತ್ತೆ. ನಮ್ಮ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಎದುರಾಗಿ ನಮಸ್ಕರಿಸಿದರು. ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನ ಮುಂದೆ ಕೆಳಗಿಟ್ಟಾಯಿತು, ಅವಳು ಸೀಟಿನ ಮೇಲೆ ಕಾಲು ಮಡಿಸಿ ಕೂತಳು. ರಾಮನಗರಕ್ಕೆ ಅಸ್ಸಿಯ ಆಚೆ ಪೀಪಾಯಿಗಳ ತೇಲುಸೇತುವೆಯಿತ್ತು, ಅರ್ಧ ಗಂಟೆಯ ಹಾದಿ. ಶೇಷಕ್ಕ ಅದನ್ನು ಒಪ್ಪಲಿಲ್ಲ. ಹನ್ನೆರಡು ವರ್ಷದ ಮೇಲೆ ಹೊರಗೆ ಹೊರಟವಳಿಗೆ ದಾರಿ ಉದ್ದವಿರಬೇಕಿತ್ತು. ರಾಜಘಾಟಿನ ದೊಡ್ಡ ಸೇತುವೆಯ ಮೇಲೆ ದಾಟಿ, ಆಚೆ ದಂಡೆಯ ಗುಂಟ ನೀರು ನೋಡುತ್ತ ನಿಧಾನಕ್ಕೆ ಹೋಗಬೇಕು, ಚಿಕ್ಕವಳಿದ್ದಾಗ ಕುಂದಾಪುರದಿಂದ ಬಸ್ಸಿನಲ್ಲಿ ಕಡಲ ಗುಂಟ ಹೋದ ಹಾಗೆ. ಲಚ್ಛೂವಿಗೂ ಅವಸರವಿರಲಿಲ್ಲ. ಪಾನಿಗೆಂದು ಒಮ್ಮೆ ನಿಂತ, ಚಹಾಕ್ಕೆಂದು ಒಮ್ಮೆ, ಸುಮ್ಮನೆ ಯಾರನ್ನೋ ಬೈಯುವುದಕ್ಕೆಂದು ಒಮ್ಮೆ.

ಸೇತುವೆ ಹತ್ತಿದ ಮೇಲೆ ಪ್ರಶ್ನೆ ಬಂತು: ಕಾಶಿ ಮುಗಿಯುವುದೆಲ್ಲಿ? ಕಾಲು ಡಬ್ಬಿಗಿಳಿಸುವುದು ಯಾವಾಗ? ನದಿಯ ನಡುಗೆರೆಯಲ್ಲಿ ಎಂದೆ ನಾನು. ನೀರು ಇರುವಷ್ಟಕ್ಕೂ ಕಾಶಿಯೇ ಎಂದಳು ಶೇಷಕ್ಕ. ಲಚ್ಛೂ ಕಾರು ನಿಲ್ಲಿಸಿ ಇಳಿದು, ಕಂಬಿಯ ಬಳಿ ನಿಂತು ಬಾಯೊಳಗಿನದನ್ನು ಬಲವಾಗಿ ಉಗಿದು, ಅದು ಹೋಗುವಷ್ಟು ದೂರ ಬನಾರಸ್ ಎಂದು ತೀರ್ಪು ಕೊಟ್ಟ. ಹಿಂದೆ ನಾಲ್ಕು ಲಾರಿಗಳು ಹಾರ್ನು ಬಾರಿಸುತ್ತಿದ್ದವು. ಕೆಳಗಿನ ಹಳಿಯ ಮೇಲೆ ರೈಲು ಹೋಗಿ ಇಡೀ ಸೇತುವೆ ನಡುಗಿತು. ಅದನ್ನೇ ಅಪ್ಪಣೆಯೆಂದು ತಿಳಿದು ಶೇಷಕ್ಕ ಎರಡೂ ಕಾಲನ್ನು ಒಟ್ಟಿಗೆ ಡಬ್ಬಿಗೆ ಇಳಿಸಿ, "ಆಯ್ತ್, ಬಿಡ್" ಎಂದಳು.

ಆಚೆ ದಂಡೆಯ ದಾರಿಗೆ ಬಂದ ಮೇಲೆ ಅವಳಿಗೆ ಹುರುಪು ಹತ್ತಿತು. ಬಲಗಡೆ ಗಂಗೆ, ಎಡಗಡೆ ಕಟಾವಿಗೆ ಬಂದ ಗೋಧಿಯ ಹೊಲ. ಗಾಳಿಗೆ ಗೋಧಿ ತೂಗಾಡಿದಾಗ ಅದೂ ನೀರೇ ಎಂದಳು. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಇದು ಅದೇ ರಸ್ತೆ, ಲಚ್ಛೂ ಆ ಬಸ್ಸಿನ ಡ್ರೈವರು, ನಾನು ಟಿಕೆಟ್ ಕೊಡುವವನು. ನನ್ನಿಂದ ಕುಂದಾಪುರ, ತ್ರಾಸಿ, ಮರವಂತೆ ಎಂದು ಊರುಗಳ ಹೆಸರು ಕೂಗಿಸಿದಳು. ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ. ಎಮ್ಮೆ ಕಾಯುತ್ತಿದ್ದವನೊಬ್ಬ ಕೈಯೆತ್ತಿ ಕಾರು ನಿಲ್ಲಿಸಿ, ಮರವಂತೆ ಎಷ್ಟು ದೂರ ಎಂದು ಕೇಳಿದ್ದು ನನಗೆ ನೆನಪಿದೆ. ಇದು ನಾನು ಸೇರಿಸಿದ್ದು ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಒಂದು ಕಡೆ ದಾರಿ ಮರಳಿಗೆ ತೀರ ಹತ್ತಿರ ಬಂತು. ಬಿಳಿಯ ಮರಳು ಕಣ್ಣು ಕುಕ್ಕುವಂತೆ ನೀರಿನವರೆಗೆ ಹಾಸಿತ್ತು, ನಡುನಡುವೆ ಬಳ್ಳಿಗಳ ಪಾತಿ. ಇಳಿಯಬೇಕು ಎಂದಳು ಶೇಷಕ್ಕ. ಇಳಿದರೆ ಕಾಶಿ ತಪ್ಪುತ್ತದೆ ಎಂದೆ. ಹಾಗೆಂದು ಎಚ್ಚರಿಸುವ ಕೆಲಸ ನನ್ನಂಥ ನಾಸ್ತಿಕನ ಪಾಲಿಗೆ ಬಂದಿತ್ತು. ಅವಳು ಡಬ್ಬಿಯೊಳಗೆ ಎದ್ದು ನಿಂತಳು. ನಾನ್ ಇಳಿಯುದಿಲ್ಲೆ, ನೀವ್ ಎಳೀನಿ ಎಂದಳು.

ಎಳೆದೆವು. ಮೊದಲು ಇಬ್ಬರೂ ಸೇರಿ ಅವಳನ್ನು ಡಬ್ಬಿಯ ಸಮೇತ ಕಾರಿನಿಂದ ಕೆಳಗಿಳಿಸಿದೆವು. ಲಚ್ಛೂ ಹೆಗಲ ಮೇಲಿನ ಗಮ್ಛಾವನ್ನು ಡಬ್ಬಿಯ ಅಂಚಿನ ತೂತಿಗೆ ಕಟ್ಟಿ ಮುಂದೆ ಎಳೆದ, ನಾನು ಹಿಂದಿನಿಂದ ತಳ್ಳಿದೆ. ಡಬ್ಬಿಯೊಳಗೆ ನಿಂತ ಶೇಷಕ್ಕ ಒಂದು ಕೈಯಲ್ಲಿ ಲಚ್ಛೂವಿನ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು, ಅರವತ್ತೆಂಟರ ವಯಸ್ಸಿನಲ್ಲಿ ಮರಳಿನ ಮೇಲೆ ಜಾರಿಕೊಂಡು ಹೊರಟಳು. ಮೊದಲು ಹೆದರಿ ದೇವರ ಹೆಸರು ಹೇಳಿದಳು. ಆಮೇಲೆ ಇನ್ನೂ ಜೋರಾಗಿ ಎಂದಳು. ಇಳಿಜಾರಿನಲ್ಲಿ ಡಬ್ಬಿ ತಾನೇ ಓಡಿತು, ಲಚ್ಛೂ ಪಕ್ಕಕ್ಕೆ ಹಾರಿದ, ನಾನು ಮುಖ ಕೆಳಗಾಗಿ ಬಿದ್ದೆ. ತೀರದ ನಿಕ್ಷೇಪದೊಂದಿಗೆ ಅದು ನನ್ನ ಮೊದಲ ನೇರ ಪರಿಚಯ. ತಲೆಯೆತ್ತಿ ನೋಡಿದಾಗ ಶೇಷಕ್ಕ ನೀರಿನ ಅಂಚಿನಲ್ಲಿ ಡಬ್ಬಿಯ ಸಮೇತ ನೆಟ್ಟಗೆ ನಿಂತಿದ್ದಳು, ಒಂದು ಕಾಲೂ ಹೊರಗಿರಲಿಲ್ಲ.

ಪಾತಿಯವನು ತಂದುಕೊಟ್ಟ ಹಣ್ಣನ್ನು, ಅದು ಕಲ್ಲಂಗಡಿಯೋ ಕಕ್ಕರಿಯೋ, ಅಲ್ಲಿಯೇ ಕೂತು ತಿಂದೆವು. ಎದುರಿಗೆ ಇಡೀ ಕಾಶಿ ಬಿಸಿಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತಿತ್ತು. ಹನ್ನೆರಡು ವರ್ಷ ಒಳಗಿದ್ದವಳು ಅದರ ಮುಖ ನೋಡಿದ್ದು ಆಗಲೇ. ಬಾಯಲ್ಲಿದ್ದ ಹೋಳು ನುಂಗದೆ ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ತಾನು ಮತ್ತು ರುಕ್ಕು ಹುಡುಗಿಯರಾಗಿದ್ದಾಗ ಆಡುತ್ತಿದ್ದ ಆಟದ ಕಥೆ ತೆಗೆದಳು. ಅಲೆ ಬಂದು ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳು ಜಾರುತ್ತದಂತೆ, ನೆಲವೇ ಹೋದ ಹಾಗಾಗುತ್ತದಂತೆ. ಅಲುಗದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೇ ಆಟ. ರುಕ್ಕು ಪ್ರತಿ ಸಲವೂ ಕಿರುಚಿಕೊಂಡು ಮೊದಲು ಓಡುತ್ತಿದ್ದಳಂತೆ. ಇದಕ್ಕೆ ನನ್ನ ಬಳಿ ಸಮೀಕರಣ ಇದೆ ಎಂದು ಹೇಳಲು ಬಾಯಿ ತೆರೆದವನು ಹಣ್ಣಿನ ಇನ್ನೊಂದು ಹೋಳು ಹಾಕಿಕೊಂಡೆ.

ಅಷ್ಟರಲ್ಲಿ ಅಗಸರ ಕತ್ತೆಯೊಂದು ಬಂದು ಸಿಪ್ಪೆಗೆ ಮೂತಿ ಚಾಚಿತು. ಶೇಷಕ್ಕ ಸೆರಗು ಸರಿಮಾಡಿಕೊಂಡಳು. ಕಾಶಿಯಿಂದ ಬಂದ ಯಾರ ಜೀವವೋ ಯಾರು ಬಲ್ಲರು, ಮರ್ಯಾದೆ ಬಿಡಬಾರದು. "ಹ್ವಾಯ್, ಯಾವೂರಾಯ್ತ್ ನಿಮ್ಗೆ?" ಎಂದು ಕೇಳಿದಳು. ಕತ್ತೆ ಸಿಪ್ಪೆ ಜಗಿಯಿತು. ಲಚ್ಛೂ ನನ್ನ ಕಡೆ ನೋಡಿ, "ಈ ಪಿಛಲಾ ಜನಮ್ ಮೇಂ ಪರ್‌ಫೇಸರ್ ರಹಲ್, ಮಾಈ" ಎಂದ. ಹಿಂದಿನ ಜನ್ಮದಲ್ಲಿ ಪ್ರೊಫೆಸರ್ ಆಗಿದ್ದನಂತೆ. ಶೇಷಕ್ಕನಿಗೆ ಅಂದು ಪೂರ್ತಿ ಅರ್ಥವಾದ ಹಿಂದಿ ವಾಕ್ಯ ಅದೊಂದೇ. ಅವಳು ನಕ್ಕ ರಭಸಕ್ಕೆ ಕತ್ತೆ ಓಡಿಹೋಯಿತು.

ರಾಮನಗರದ ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಡಬ್ಬಿಯನ್ನು ಅಂಗಳದಲ್ಲಿ ಎಳೆದೆವು, ಹೊಸ್ತಿಲಿನ ಮೇಲೆ ಎತ್ತಿ ದಾಟಿಸಿದೆವು. ಅಣ್ಣನ ಮಗನ ಮಕ್ಕಳು, ಅಜ್ಜಿ ಗಾಡಿಯಲ್ಲಿ ಬಂದಳು ಎಂದು ಹಿಂದಿಯಲ್ಲಿ ಕುಣಿದಾಡಿದರು. ರುಕ್ಕು ಗೋಡೆಗೆ ಒರಗಿ ಹಗ್ಗದ ಮಂಚದ ಮೇಲಿದ್ದಳು. ಒಂದು ಹಿಡಿಯಷ್ಟೇ ಉಳಿದಿದ್ದ ಹೆಂಗಸು. ನಮ್ಮನ್ನು ನೋಡಿ ಕಣ್ಣು ಕಿರಿದು ಮಾಡಿದಳು.

"ಎಂತ ಹೆಣೆ, ಡಬ್ಬಿ ಒಳ್ಗ್ ನಿಂತ್ಕಂಡ್ ಬಂದೆ?" ಹೆಣೆ ಎಂದರೆ ಅವರ ಕಡೆ ಗೆಳತಿಯನ್ನು ಕರೆಯುವ ಸಲಿಗೆಯ ಮಾತು.

"ಕಾಶಿ ತಕಂಡ್ ಬಂದೆ."

ಇಬ್ಬರೂ ಎಷ್ಟು ನಕ್ಕರೆಂದರೆ ರುಕ್ಕುವಿನ ಸೊಂಟ ನೋಯುತ್ತದೆಂದು ಅಣ್ಣನ ಮಗ ಓಡಿ ಬಂದ. ಆಮೇಲಿನ ಎರಡು ಗಂಟೆ ಅವರ ಮಾತಿಗೆ ನಾವು ಯಾರೂ ಬೇಕಾಗಿರಲಿಲ್ಲ. ಯಾರ ಮನೆಯ ಹಸು, ಯಾರ ಮದುವೆಯ ಹೋಳಿಗೆ, ಯಾವ ಭಾವನ ಕುಂಟು. ನಾನು ಕಾಫಿ ಕುಡಿದೆ, ಲಚ್ಛೂ ಅಂಗಳದಲ್ಲಿ ನಿದ್ದೆ ಹೊಡೆದ. ಹೊರಡುವ ಹೊತ್ತು ಬಂದಾಗ ರುಕ್ಕು ಶೇಷಕ್ಕನ ಕೈ ಬಿಡಲಿಲ್ಲ. ತನ್ನನ್ನು ಕಾಶಿಗೆ ಸಾಗಿಸಲಾಗದು ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಮುಖದ ನಗು ಮಾತ್ರ ಹಾಗೇ ಇತ್ತು.

ಶೇಷಕ್ಕ ಡಬ್ಬಿಯಿಂದ ಒಂದು ಕಾಲು ತೆಗೆದು ನೆಲಕ್ಕಿಟ್ಟಳು. ಆಮೇಲೆ ಇನ್ನೊಂದು. ನಾನು ಬೇಡವೆನ್ನಲು ಎದ್ದು ನಿಂತವನು ಹಾಗೇ ನಿಂತೆ. ಅವಳು ಬಗ್ಗಿ ಡಬ್ಬಿಯನ್ನು ಮಂಚದ ಬುಡಕ್ಕೆ ನೂಕಿ, ರುಕ್ಕುವಿನ ಕಾಲನ್ನು ಒಂದೊಂದಾಗಿ ಎತ್ತಿ ಅದರೊಳಗೆ ಇಳಿಬಿಟ್ಟಳು.

"ನಿಂಗೆ?" ಎಂದಳು ರುಕ್ಕು.

"ನಂದೆಂತ, ನಾನ್ ವಾಪಸ್ ಹೋಪವ್ಳ್. ನೀನ್ ಇಲ್ಲೇ ಇಪ್ಪವ್ಳ್. ಕಾಲ್ ಊರ್, ಹೆಣೆ. ಇದ್ ಜಾರುದಿಲ್ಲೆ."

ಡಬ್ಬಿಯಲ್ಲಿರುವುದು ಬಿಳಿಯೋ ಕಪ್ಪೋ ಎಂದು ಅಲ್ಲಿಯೇ ಬಗ್ಗಿ ನೋಡಬಹುದಿತ್ತು. ನೋಡಿದೆನೋ ಇಲ್ಲವೋ ನೆನಪಿಲ್ಲ. ಕಣ್ಣಿಗೆ ಕಟ್ಟಿರುವುದು ರುಕ್ಕುವಿನ ಕಾಲ್ಬೆರಳುಗಳು ಮಾತ್ರ. ಅವು ಮಗುವಿನ ಬೆರಳುಗಳಂತೆ ಒಮ್ಮೆ ಅಗಲವಾಗಿ ತೆರೆದು, ಆಮೇಲೆ ನಿಧಾನವಾಗಿ ಮಡಚಿಕೊಂಡು ಅದರೊಳಗೆ ಹೂತುಕೊಂಡವು.

ವಾಪಸು ಬರುವಾಗ ದೃಶ್ಯ ತಲೆಕೆಳಗಾಯಿತು. ಬೆಳಗಿನಿಂದ ನಿಧಾನ ನಿಧಾನ ಎನ್ನುತ್ತಿದ್ದವಳು ಈಗ ಬರಿಗಾಲಲ್ಲಿ, ಕಾಶಿಯಿಲ್ಲದೆ, ಸೀಟಿನ ತುದಿಯಲ್ಲಿ ಕೂತು ಲಚ್ಛೂವಿನ ಬೆನ್ನಿಗೆ ಗುದ್ದುತ್ತಿದ್ದಳು. ತೇಲುಸೇತುವೆ ದಾಟುವಷ್ಟರೊಳಗೆ ಪ್ರಾಣ ಹೋದರೆ ಕತ್ತೆ ಖಂಡಿತ. ಜಲ್ದೀ ಚಲೋ ಮಾರಾಯಾ ಎಂದು ಕೂಗಿದಳು. ತಾನು ಹುಟ್ಟಿದ್ದೇ ಈ ಕಡೆ, ಹೇಗೂ ಒಂದು ದಿನ ಕತ್ತೆಯಾಗುವವನು, ನೀವಾದರೆ ಜೊತೆಗೊಬ್ಬರಿರುತ್ತಾರೆ ಎಂದು ಲಚ್ಛೂ ಆಕಾಶಕ್ಕೆ ಹೇಳಿದ. ಪೀಪಾಯಿಗಳು ಕಾರಿನ ಕೆಳಗೆ ಒಂದೊಂದಾಗಿ ಮುಳುಗೆದ್ದವು. ಹಲಗೆಯ ಮೇಲಿನಿಂದ ಚಕ್ರ ಈಚೆಯ ಮಣ್ಣಿಗೆ ಇಳಿದ ಕ್ಷಣ ಶೇಷಕ್ಕ ಬಾಗಿಲು ತೆರೆದು, ಕಾರು ಪೂರ್ತಿ ನಿಲ್ಲುವ ಮೊದಲೇ ಹಾರಿ, ದಂಡೆಯ ಮೇಲೆ ಎರಡೂ ಕಾಲು ಅಪ್ಪಳಿಸಿ ನಿಂತಳು. "ಗೆದ್ದೆ" ಎಂದಳು. ಸಂಕಲ್ಪ ಮುರಿದದ್ದಕ್ಕೆ ಮರುದಿನ ವಿಶ್ವನಾಥನಿಗೆ ಏನು ಸಮಜಾಯಿಷಿ ಕೊಟ್ಟಳೋ ತಿಳಿಯದು. ಬಹಳ ಹೊತ್ತು ಬೈದಿರಬೇಕು, ದೇವಸ್ಥಾನದಿಂದ ಹಗುರಾಗಿ ಬಂದಳು.

ರುಕ್ಕು ಆಷಾಢದಲ್ಲಿ ತೀರಿಕೊಂಡಳು. ಕೊನೆಯವರೆಗೂ ಡಬ್ಬಿಯಿಂದ ಕಾಲು ತೆಗೆಯಲು ಬಿಡಲಿಲ್ಲವೆಂದು ಅಣ್ಣನ ಮಗ ಹೇಳಿಕಳಿಸಿದ್ದ. ಎರಡು ವರ್ಷದ ಮೇಲೆ ಶೇಷಕ್ಕ ಜಂಗಮವಾಡಿಯ ತನ್ನ ಕೋಣೆಯಲ್ಲಿಯೇ, ನೆಲ ಸರಿಮಾಡಿಸದೆ ಹೋದಳು. ಉಳಿದ ಮರಳಿನ ಚೀಲ ಮೂಲೆಯಲ್ಲಿ ಹಾಗೇ ಇತ್ತು. ನಾನು ಮೈಸೂರಿಗೆ ಕೆಲಸಕ್ಕೆ ಬಂದೆ, ಕಡಲನ್ನು ನೋಡಿದೆ. ಸಮೀಕರಣ ತಪ್ಪಿತ್ತು.

ಪರೀಕ್ಷಿಸುವುದೇ ಕಸುಬಾದವನು ಇದೊಂದನ್ನು ಮಾತ್ರ ಮುಂದೂಡುತ್ತ ಬಂದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಏನೋ ಕೆಲಸದ ಮೇಲೆ ಕಾಶಿಗೆ ಹೋದಾಗ ಧೈರ್ಯ ಮಾಡಿ ರಾಮನಗರದ ದೋಣಿ ಹತ್ತಿದೆ. ಡಬ್ಬಿ ಅಂಗಳದಲ್ಲಿತ್ತು, ತುಕ್ಕು ಹಿಡಿದಿತ್ತು, ಅದರಲ್ಲಿ ಸೊಂಟದೆತ್ತರ ತುಳಸಿ. ಅಣ್ಣನ ಮಗನ ಹೆಂಡತಿಯನ್ನು ಕೇಳಿದೆ. ಅತ್ತೆಯ ಕಾಲಿದ್ದ ಮಣ್ಣು, ಅದಕ್ಕೆ ಏನನ್ನೂ ಬೆರೆಸಿಲ್ಲ, ಬರೀ ನೀರು ಹಾಕುತ್ತೇವೆ ಎಂದಳು. ಶರಬತ್ತಿಗೆಂದು ಕುಯ್ದಿಟ್ಟಿದ್ದ ನಿಂಬೆಹಣ್ಣಿನ ಅರ್ಧ ಹೋಳು ಕೇಳಿ ತೆಗೆದುಕೊಂಡೆ. ಬುಡದಲ್ಲಿ ಬೆರಳು ಹಾಕಿ ಕೆದಕಿದಾಗ ಗೋಲಿಯಷ್ಟು ದಪ್ಪದ ಒಂದು ಗಂಟು ಸಿಕ್ಕಿತು. ಒರೆಸಿ, ಅಂಗೈಯಲ್ಲಿಟ್ಟು, ಅದರ ಮೇಲೆ ನಿಂಬೆ ಹಿಂಡಿದೆ.

ಅದು ಬುಸುಬುಸು ನೊರೆ ಬಿಟ್ಟಿತು.